ಉಸ್ತಾದರ ಹಲ್ಲು, ಗರಡಿಯ ಕಡಲೆ

ಮೈಸೂರಿನ ಹಳೆಯ ಗರಡಿಮನೆಯೊಂದರಲ್ಲಿ ಚಿಕ್ಕಬೋರಯ್ಯ ಎಂಬ ಉಸ್ತಾದರಿದ್ದರು. ಹೆಸರಿಗೆ ಮಾತ್ರ ಚಿಕ್ಕ, ಆಳು ಬಾಗಿಲಲ್ಲಿ ಓರೆಯಾಗಿಯೇ ಒಳಗೆ ಬರಬೇಕು. ವಯಸ್ಸು ಎಪ್ಪತ್ತು ದಾಟಿದ್ದರೂ ಕುಸ್ತಿಯ ಪಟ್ಟು ಕಲಿಸುವುದರಲ್ಲಿ ಅವರನ್ನು ಮೀರಿಸುವವರು ಸುತ್ತಮುತ್ತ ಇರಲಿಲ್ಲ.

ಆ ಗರಡಿಯಲ್ಲೊಂದು ಪದ್ಧತಿ. ಬೆಳಗಿನ ಸಾಮು ಮುಗಿದ ಮೇಲೆ ನೆನೆಸಿದ ಕಡಲೆಯ ಪಾತ್ರೆ ಬರುತ್ತದೆ. ಉಸ್ತಾದರು ಮೊದಲು ಜಗಿಯಬೇಕು, ಆಮೇಲೆ ಉಳಿದವರಿಗೆ. ಕಡಲೆ ಜಗಿಯಲಾರದವನು ಉಸ್ತಾದನ ಮಣೆ ಬಿಟ್ಟು ಏಳಬೇಕೆಂದು ಹಿಂದಿನವರು ಮಾಡಿಟ್ಟ ಕಟ್ಟಳೆ.

ಕಾಲ ಯಾರನ್ನು ಬಿಟ್ಟಿದೆ? ಬೋರಯ್ಯನವರ ಹಲ್ಲು ಒಂದೊಂದಾಗಿ ಉದುರಿ, ಕೊನೆಗೆ ಪೂರ್ತಿ ಸೆಟ್ ಕಟ್ಟಿಸಬೇಕಾಯಿತು. ಡಾಕ್ಟರಮ್ಮ ಹಲ್ಲು ಕೂರಿಸಿ ಹೇಳಿದರು: "ಮೊದಲು ಮೆತ್ತಗಿನ ಊಟ ಮಾಡಿ, ಯಜಮಾನ್ರೇ. ಚಿಕ್ಕ ಚಿಕ್ಕ ತುತ್ತು. ಎರಡೂ ಕಡೆ ಸಮವಾಗಿ ಅಗಿಯಿರಿ. ಮುಂದಿನ ಹಲ್ಲಲ್ಲಿ ಕಚ್ಚಿ ಎಳೆಯಬೇಡಿ. ಎಲ್ಲಾದರೂ ಒತ್ತಿದರೆ ಬನ್ನಿ, ಸರಿ ಮಾಡಿಕೊಡ್ತೀನಿ."

ಉಸ್ತಾದರು ಮೀಸೆಯಲ್ಲೇ ನಕ್ಕರು. ಎಂಥೆಂಥ ಜಟ್ಟಿಗಳನ್ನು ಎತ್ತಿ ಒಗೆದವನಿಗೆ ಅನ್ನ ಅಗಿಯುವ ಪಾಠವೇ?

ಮರುದಿನ ಬೆಳಿಗ್ಗೆ ಗರಡಿಗೆ ಹೋದವರೇ ಒಂದು ಹಿಡಿ ಕಡಲೆ ಬಾಯಿಗೆ ಎಸೆದುಕೊಂಡರು. ಹಳೇ ಅಭ್ಯಾಸದಂತೆ ಬಲದವಡೆಗೆ ತಳ್ಳಿ ಬಲವಾಗಿ ಕಡಿದರು. ಬಲಗಡೆ ಒತ್ತಿದಾಗ ಎಡಗಡೆ ಎದ್ದಿತು. ಮೇಲಿನ ಸೆಟ್ ಜಾರಿ, ಮೂವತ್ತು ಜನ ಪೈಲ್ವಾನರ ಎದುರಿಗೆ, ಕುಸ್ತಿಯ ಕೆಮ್ಮಣ್ಣಿನ ಮಟ್ಟಿಯಲ್ಲಿ ಬಿತ್ತು. ಜೀವಮಾನದಲ್ಲಿ ಉಸ್ತಾದರ ಬೆನ್ನು ಆ ಮಣ್ಣಿಗೆ ತಾಗಿದ್ದಿಲ್ಲ. ಅವತ್ತು ಹಲ್ಲು ಚಿತ್ ಆಯಿತು!

ಯಾರೂ ನಗಲಿಲ್ಲ. ನಕ್ಕಿದ್ದರೇ ವಾಸಿಯಿತ್ತು. ಬೋರಯ್ಯ ಹಲ್ಲನ್ನು ಪಂಚೆಯ ಸೆರಗಿನಲ್ಲಿ ಸುತ್ತಿಕೊಂಡು ಮನೆಗೆ ಬಂದರು. ಡಬ್ಬಿಗೆ ಹಾಕಿ ಮುಚ್ಚಳ ಬಿಗಿದರು. ಅವತ್ತಿನಿಂದ ಮೂರು ಹೊತ್ತೂ ಮುದ್ದೆ. ಮುದ್ದೆ ನುಂಗುವುದಕ್ಕೆ ಹಲ್ಲಿನ ಹಂಗೇ ಇಲ್ಲವಲ್ಲ. ಆದರೆ ಗರಡಿಯ ದಾರಿ ಹಿಡಿಯಲು ಮುಖವಿರಲಿಲ್ಲ. ಅದು ಅವರನ್ನು ಒಳಗೊಳಗೇ ತಿನ್ನುತ್ತಿತ್ತು.

ಎಂಟನೇ ದಿನ ಹಿರಿಯ ಶಿಷ್ಯ ಸಿದ್ದಪ್ಪಾಜಿ ಬಂದು ಬಾಗಿಲಲ್ಲೇ ಕೈಕಟ್ಟಿ ನಿಂತ. "ನೀವು ಮುಟ್ಟದೆ ನಾವು ಹೆಂಗೆ ತಿನ್ನದು ಉಸ್ತಾದ್ರೆ? ನೆನೆಸಿದ ಕಡ್ಲೆಯೆಲ್ಲ ಮೊಳಕೆ ಬಂದೋಯ್ತು. ಆಯುಧಪೂಜೆಗೆ ಇನ್ನೊಂದು ತಿಂಗಳದೆ. ಅವತ್ತೂ ಮಣೆ ಖಾಲಿ ಇದ್ರೆ ಬೇರೆಯೋರ್ನ ಕೂರುಸ್ಬೇಕಾಯ್ತದೆ."

ಅವನು ಹೋದ ಮೇಲೆ ಉಸ್ತಾದರ ಹೆಂಡತಿ ಪುಟ್ಟಮಾದಮ್ಮ ಗಂಡನ ಪಕ್ಕ ಬಂದು ಕೂತರು.

"ಅಲ್ಲಾ, ಗರಡಿಗೆ ಹೊಸಬ ಬಂದ್ರೆ ಮೊದಲ್ನೇ ದಿನ ಏನ್ ಮಾಡುಸ್ತೀರಿ?"

"ಬಸ್ಕಿ. ಇನ್ನೇನು?"

"ಗದೆ?"

"ತಿಂಗಳಾದ್ರೂ ಆಗ್ಬೇಕು. ಮೊದಲ್ನೇ ದಿನಾನೇ ಗದೆ ಎತ್ತುದ್ರೆ ರಟ್ಟೆ ಮುರ್ಕೊತಾನೆ."

"ಮತ್ತೆ, ನಿಮ್ಮ ಬಾಯಿಗೆ ಇಪ್ಪತ್ತೆಂಟು ಜನ ಹೊಸಬರು ಬಂದವ್ರೆ. ಮೊದಲ್ನೇ ದಿನಾನೇ ಅವರ ಕೈಗೆ ಗದೆ ಕೊಟ್ರಲ್ಲ!"

ಐವತ್ತು ವರ್ಷ ಕಲಿಸಿದ ಪಾಠ ಇವತ್ತು ಅಡುಗೆಮನೆಯಿಂದ ವಾಪಸು ಬಂದಿತ್ತು. ಬೋರಯ್ಯ ಎದ್ದು ಡಬ್ಬಿಯ ಮುಚ್ಚಳ ತೆಗೆದರು.

ಮೊದಲ ವಾರ ಗಂಜಿ, ಕಿವುಚಿದ ಬಾಳೆಹಣ್ಣು. ಒಸಡು ಒಂದು ಕಡೆ ಹುಣ್ಣಾಯಿತು. ತಾವೇ ಸೆಟ್ ಉಜ್ಜಿ ಸರಿಮಾಡಲು ಹೋಗದೆ, ಡಾಕ್ಟರಮ್ಮನ ಮುಂದೆ ಹೋಗಿ ಬಾಯಿ ತೆರೆದು ಕೂತರು. ಅವರು ಸೆಟ್ ಒತ್ತುತ್ತಿದ್ದ ಕಡೆ ಒಂದಿಷ್ಟು ತೇದುಕೊಟ್ಟರು. ಆಮೇಲೆ ಇಡ್ಲಿ, ಬೆಂದ ಪಡವಲಕಾಯಿ. ತುತ್ತನ್ನು ಎರಡು ಪಾಲು ಮಾಡಿ ಎಡಕ್ಕೊಂದು ಬಲಕ್ಕೊಂದು ಇಟ್ಟು, ಬಸ್ಕಿ ಎಣಿಸುವ ಹಾಗೆ ಎಣಿಸಿ ಎಣಿಸಿ ಅಗಿದರು. ಮೂರನೇ ವಾರ ಬೇಯಿಸಿದ ಕಡಲೆಯ ಉಸಲಿ. ಅವತ್ತು ಪುಟ್ಟಮಾದಮ್ಮ ತಟ್ಟೆಗೆ ಎರಡನೇ ಸಲ ಬಡಿಸಿದರು.

ಆಯುಧಪೂಜೆಯ ಬೆಳಿಗ್ಗೆ ಉಸ್ತಾದರು ತಾವಾಗಿಯೇ ಬಂದು ಮಣೆಯ ಮೇಲೆ ಕೂತರು. ಕಡಲೆ ಪಾತ್ರೆ ಬಂತು. ಈ ಸಲ ಹಿಡಿ ತುಂಬಿಕೊಳ್ಳಲಿಲ್ಲ. ನಾಲ್ಕೇ ಕಾಳು ತೆಗೆದು ಈಚೆಗೆರಡು, ಆಚೆಗೆರಡು ಇಟ್ಟರು. ಕಟುಂ ಎಂದಿತು. ಮತ್ತೊಮ್ಮೆ ಕಟುಂ. ನಿಧಾನವಾಗಿ ಜಗಿದು, ನುಂಗಿ, ಉಸ್ತಾದರು ಮೀಸೆ ಒರೆಸಿಕೊಂಡರು. ಹಲ್ಲು ಇದ್ದಲ್ಲೇ ಇತ್ತು.

ಸಿದ್ದಪ್ಪಾಜಿಯ ಕಣ್ಣು ತುಂಬಿತು. ಪೂಜೆಗೆ ಬಂದಿದ್ದ ಹಳೆಯ ಪೈಲ್ವಾನನೊಬ್ಬ ಮಾತ್ರ ಕೆಣಕದೆ ಇರಲಾರದೆ ಹೋದ. "ಹಲ್ಲಿದ್ದಾಗ ಕಡ್ಲೆ ಇಲ್ಲ, ಕಡ್ಲೆ ಇದ್ದಾಗ ಹಲ್ಲಿಲ್ಲ ಅಂತಾರಲ್ಲ ಬೋರಣ್ಣ, ನಿಂದು ಯಾವ್ದು?"

"ನಂಗೆ ಎರಡೂ ಇದ್ವು ಕಣಪ್ಪ," ಅಂದರು ಉಸ್ತಾದರು. "ತಾಳ್ಮೆ ಒಂದಿರ್ಲಿಲ್ಲ."

ಪಾತ್ರೆಯನ್ನು ಶಿಷ್ಯರ ಕಡೆಗೆ ಸರಿಸಿ, ಇನ್ನೂ ನಾಲ್ಕು ಕಾಳು ತೆಗೆದುಕೊಂಡರು.

ನೀತಿ: ಹೊಸದು ಕೈಗೆ ಬಂದಾಗ ಎಂಥ ಗುರುವೂ ಹೊಸಬನೇ. ಇನ್ನೊಬ್ಬರಿಗೆ ಹೇಳುವ ಪಾಠವನ್ನು ತನಗೂ ಹೇಳಿಕೊಂಡು, ಮೆತ್ತಗೆ ಶುರುಮಾಡಿ ಎರಡೂ ಕಡೆ ಸಮವಾಗಿ ಅಗಿದವನಿಗೆ ಕಟ್ಟಿಸಿದ ಹಲ್ಲೂ ಸ್ವಂತದ್ದೇ ಆಗುತ್ತದೆ.