ಹದಿನೇಳು ಸಲ ಸೋತ ಅತ್ತೆ

ಅಂಬುಜತ್ತೆ ಗೋಡೆಗೆ ಮುಖ ಮಾಡಿ ಮಲಗಿ ಎರಡು ತಿಂಗಳಾಗಿತ್ತು. ಡಾಕ್ಟರು ಕೊಟ್ಟ ಮಾತ್ರೆ ನುಂಗುತ್ತಿದ್ದಳು, ಮಾತಾಡುತ್ತಿರಲಿಲ್ಲ.

"ಭಾನುವಾರದೊಳಗೆ ಎದ್ದು ನಗುನಗುತ್ತಾ ಓಡಾಡಬೇಕು," ಎಂದು ದೊಡ್ಡಪ್ಪ ಬಾಗಿಲಲ್ಲಿ ನಿಂತು ಅಪ್ಪಣೆ ಮಾಡಿದರು. ಅತ್ತೆ ಮಗ್ಗುಲು ಕೂಡ ಬದಲಿಸಲಿಲ್ಲ.

ಹತ್ತು ವರ್ಷದ ಕಾತಿಗೆ ಚೌಕಾಬಾರದ ಜೊತೆಗಾತಿ ಎಂದರೆ ಅತ್ತೆಯೊಬ್ಬಳೇ. ಇಡೀ ಬೀದಿಯಲ್ಲಿ ಅತ್ತೆಯನ್ನು ಸೋಲಿಸಿದವರಿರಲಿಲ್ಲ. ಕಾತಿ ಎಷ್ಟು ದಿನ ಅಂತ ಒಬ್ಬಳೇ ಕೂತಾಳು? ಅತ್ತೆಯ ಹೊಸ್ತಿಲ ಮುಂದೆ ಸೀಮೆಸುಣ್ಣದಲ್ಲಿ ಮನೆ ಬರೆದು, ಇಬ್ಬರ ಆಟವನ್ನೂ ತಾನೇ ಆಡತೊಡಗಿದಳು. ಅತ್ತೆಯ ಕಾಯಿಗಳನ್ನು ಬೇಕೆಂದೇ ತಪ್ಪಾಗಿ ನಡೆಸಿ, "ಅತ್ತೆ ಸೋತಳು," ಎಂದು ಗಟ್ಟಿಯಾಗಿ ಸಾರುತ್ತಿದ್ದಳು. ನಾಲ್ಕು ದಿನದಲ್ಲಿ ಅತ್ತೆ ಹದಿನೇಳು ಸಲ ಸೋತಳು.

ಐದನೆಯ ದಿನ ಒಳಗಿನಿಂದ ಸಣ್ಣ ದನಿ ಬಂತು. "ಯಾರೂ ಹೊಡೆಯೋಕಾಗದ ಕಟ್ಟೆ ಮನೇಲಿದ್ದ ಕಾಯಿನ ಯಾಕೆ ಈಚೆ ತಂದೆ? ನಾನು ಯಾವತ್ತು ಹಾಗೆ ಆಡಿದ್ದೆ?"

"ನೀನು ಹೇಳಲಿಲ್ಲವಲ್ಲ ಅತ್ತೆ."

ಬಹಳ ಹೊತ್ತಾದ ಮೇಲೆ ಅತ್ತೆ ಬಂದು ಹೊಸ್ತಿಲೊಳಗೇ ಕೂತು, ಕವಡೆಗೆ ಕೈ ಚಾಚಿದಳು.

ದೊಡ್ಡಪ್ಪ ಧಾವಿಸಿ ಬಂದರು. "ನನ್ನ ಮಾತಿಗೆ ಎದ್ದಳು ನೋಡಿ. ಎಲ್ಲಿ, ಒಂದು ಸಲ ನಗು."

ಅತ್ತೆಯ ಕೈ ಅಲ್ಲೇ ನಿಂತಿತು.

"ಹದಿನೇಳು ಆಟ ಸೋತವಳು ಹೇಗೆ ನಗ್ತಾಳೆ ದೊಡ್ಡಪ್ಪ?" ಎಂದಳು ಕಾತಿ. "ಸ್ವಲ್ಪ ಆಚೆ ಜರುಗಿ. ಈಗ ಅವಳ ಆಟ."