ಬೋಗುಣಿಯಲ್ಲಿ ಕೂತ ಮೇಡಮ್ಮ

ನಿಂಗಾಜಮ್ಮನ ಹಿತ್ತಿಲಲ್ಲಿ ಒಂದು ಹುಂಜ, ಮೊಟ್ಟೆಯಿಡುವ ಐದು ಹ್ಯಾಟೆಗಳಿದ್ದವು. ನಾಲ್ಕು ಹ್ಯಾಟೆಗಳಿಗೆ ಹೆಸರಿರಲಿಲ್ಲ. ಐದನೆಯದಕ್ಕೆ ಮಾತ್ರ ಮೇಡಮ್ಮ ಎಂದು ಹೆಸರು. ಕಾಳು ಚೆಲ್ಲಿದರೆ ಅದು ಉಳಿದವುಗಳ ಹಾಗೆ ಓಡಿ ಬರುತ್ತಿರಲಿಲ್ಲ. ಶಾಲೆಯ ಮೇಡಮ್ಮ ಕ್ಲಾಸಿಗೆ ಬರುವ ಹಾಗೆ ಕತ್ತು ನೆಟ್ಟಗೆ ಮಾಡಿಕೊಂಡು, ಅತ್ತಿತ್ತ ನೋಡಿಕೊಂಡು, ನಿಧಾನವಾಗಿ ಬರುತ್ತಿತ್ತು. ಅದು ಬಂತೆಂದರೆ ಮಿಕ್ಕವು ತಾವಾಗಿ ಸರಿದು ಜಾಗ ಬಿಡುತ್ತಿದ್ದವು. ನಿಂಗಾಜಮ್ಮನ ಗಂಡ ಜವರಪ್ಪನಿಗಂತೂ ಆ ಕೋಳಿಯೆಂದರೆ ಪ್ರಾಣ. ಬೆಳಿಗ್ಗೆ ಕಾಫಿಗೆ ಕೂತಾಗ ಬನ್ನಿನ ಮೊದಲ ಚೂರು ಮೇಡಮ್ಮನಿಗೆ, ಉಳಿದದ್ದು ತನಗೆ.

ಯುಗಾದಿ ಕಳೆದ ಮೇಲೆ ಪಕ್ಕದ ಮನೆಗೆ ಪ್ರಭಾಮಣಿ ಎಂಬ ಹೆಂಗಸು ಗಂಡನ ಜೊತೆ ಬಾಡಿಗೆಗೆ ಬಂದಳು. ನಿಂಗಾಜಮ್ಮನಿಗಿಂತ ಹತ್ತು ವರ್ಷ ಚಿಕ್ಕವಳು. ಎರಡು ಹಿತ್ತಿಲಿಗೂ ನಡುವೆ ಸೊಂಟದೆತ್ತರದ ಬೇಲಿ, ಬೇಲಿಯಲ್ಲೊಂದು ಸಂದು. ಸಾಮಾನು ಇಳಿಸಿದ ದಿನವೇ ನಿಂಗಾಜಮ್ಮ ಒಂದು ಬಟ್ಟಲು ಹುರುಳಿಕಾಳಿನ ಬಸ್ಸಾರನ್ನು ಆ ಸಂದಿನಿಂದ ಕೊಟ್ಟಳು.

"ತಗೊಳ್ಳವ್ವ. ಇವತ್ತು ನಿಂಗೆ ಒಲೆ ಹಚ್ಚಕ್ಕೆ ಪುರ್ಸೊತ್ತಿರಲ್ಲ" ಎಂದಳು.

ಆ ಕೊಡುವಿಕೆಯಲ್ಲಿ ಒಂದಿಷ್ಟೂ ಲೆಕ್ಕಾಚಾರವಿರಲಿಲ್ಲ. ಸಾರು ಇತ್ತು, ಕೊಟ್ಟಳು, ಅಷ್ಟೆ. ಎಡವಟ್ಟೆಲ್ಲ ಆಮೇಲೆ ಶುರುವಾದದ್ದು.

ನಮ್ಮ ಕಡೆ ಒಂದು ಪದ್ಧತಿ ಉಂಟಲ್ಲ, ಯಾರದಾದರೂ ಮನೆಯಿಂದ ಪಾತ್ರೆ ಬಂದರೆ ಅದನ್ನು ಬರಿದಾಗಿ ಹಿಂದಕ್ಕೆ ಕೊಡಬಾರದು. ನಿಂಗಾಜಮ್ಮನ ಅತ್ತೆ ಬದುಕಿದ್ದಾಗ ಇದಕ್ಕೆ ಹೆಚ್ಚು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. "ಒಂದು ಚಿಟಿಕೆ ಸಕ್ಕರೆ ಉದುರ್ಸು. ಇಲ್ಲ, ಎರಡೆಸಳು ಕರಿಬೇವು ಇಕ್ಕು. ಪಾತ್ರೆ ಬರಿದಾಗಿ ಹೋಗ್ಬಾರ್ದು, ಅಷ್ಟೆಯ" ಎನ್ನುತ್ತಿದ್ದಳು. ಸಂಜೆಯೊಳಗೆ ಪಾತ್ರೆ ಅದರ ಮನೆ ಸೇರುತ್ತಿತ್ತು, ಎಲ್ಲರೂ ನೆಮ್ಮದಿಯಾಗಿ ಮಲಗುತ್ತಿದ್ದರು.

ಪ್ರಭಾಮಣಿ ಹೊಸಬಳು. ಸಕ್ಕರೆ ಹಾಕಿ ಕೊಟ್ಟರೆ ಏನೆಂದುಕೊಳ್ಳುತ್ತಾರೋ ಎಂದು ನಿಪ್ಪಟ್ಟು ತಟ್ಟಿದಳು. ನಿಪ್ಪಟ್ಟು ಬಟ್ಟಲಲ್ಲಿ ಹಿಡಿಸಲಿಲ್ಲ. ತನ್ನದೇ ಒಂದು ಡಬ್ಬಿಗೆ ತುಂಬಿ, ತೊಳೆದ ಬಟ್ಟಲನ್ನು ಅದರ ಮೇಲೆ ಇಟ್ಟು ಕೊಟ್ಟಳು. ಈಗ ಪ್ರಭಾಮಣಿಯ ಡಬ್ಬಿ ನಿಂಗಾಜಮ್ಮನ ಮನೆಯಲ್ಲಿ ಉಳಿಯಿತು! ಎಂಟು ನಿಪ್ಪಟ್ಟು ಬಂದ ಡಬ್ಬಿಯಲ್ಲಿ ಚಿಟಿಕೆ ಸಕ್ಕರೆ ಹಾಕಿ ಕೊಡುವುದು ಹೇಗೆ? ನಿಂಗಾಜಮ್ಮ ಶಾವಿಗೆ ಒತ್ತಿದಳು, ಕಾಯಿಹಾಲು ಮಾಡಿದಳು. ಕಾಯಿಹಾಲು ಡಬ್ಬಿಯಲ್ಲಿ ನಿಲ್ಲಲಿಲ್ಲ, ತನ್ನ ತಪ್ಪಲೆಗೆ ಸುರಿದು ಕೊಟ್ಟಳು. ಆ ತಪ್ಪಲೆ ಒಬ್ಬಟ್ಟಿನ ತಟ್ಟೆಯನ್ನು ತಲೆಯ ಮೇಲೆ ಹೊತ್ತು ವಾಪಸ್ ಬಂತು. ಆ ತಟ್ಟೆಗೆ ಕಡುಬು ಹೋಯಿತು. ಹೀಗೆ ಬೇಲಿಯ ಸಂದಿನಲ್ಲಿ ಪಾತ್ರೆಗಳು ಓಡಾಡಿದವು, ಒಂದಕ್ಕಿಂತ ಒಂದು ದೊಡ್ಡದು.

ನೋಡಿದವರು, "ಎಂಥಾ ಅನ್ಯೋನ್ಯ!" ಎಂದು ಹೊಗಳಿದರು. ಒಳಗಿನ ಕಥೆಯೇ ಬೇರೆ. ಆ ಇಬ್ಬರು ಹೆಂಗಸರು ಬೇಲಿಯ ಹತ್ತಿರ ನಿಂತು ಎರಡು ಮಾತು ಆಡಿದ್ದೇ ಇಲ್ಲ. ಪಾತ್ರೆ ಕೈಗಿಟ್ಟು, "ಒಲೆ ಮೇಲೆ ಇಟ್ಟು ಬಂದಿದೀನಿ" ಎಂದು ಓಡುತ್ತಿದ್ದರು. ಆ ಮಾತು ಸುಳ್ಳೂ ಅಲ್ಲ, ಒಲೆಯ ಮೇಲೆ ಯಾವಾಗಲೂ ಏನಾದರೂ ಇದ್ದೇ ಇರುತ್ತಿತ್ತು. ನಿಂಗಾಜಮ್ಮನ ಕೈತೋಟದಲ್ಲಿ ಕೊತ್ತಂಬರಿಗಿಂತ ಕಳೆ ಎತ್ತರವಾಯಿತು. ಮುಂದಿನ ವರ್ಷದ ಬೀಜಕ್ಕೆಂದು ಬಿಟ್ಟಿದ್ದ ಒಂದೇ ಒಂದು ಕುಂಬಳಕಾಯಿಯನ್ನೂ ಅವಳು ಕಡುಬಿಗೆ ತುರಿದು ಹಾಕಿದಳು. ಜವರಪ್ಪನ ಗೋಳಂತೂ ಕೇಳಬೇಡಿ. ಹೆಂಡತಿ ಅಡುಗೆ ಮಾಡುತ್ತಿದ್ದದ್ದು ಪಕ್ಕದ ಮನೆಗೆ, ಅವನು ಉಣ್ಣುತ್ತಿದ್ದದ್ದು ಪಕ್ಕದ ಮನೆಯದನ್ನು.

"ಲೇ, ನಿನ್ ಕೈ ಉಪ್ಸಾರು ತಿಂದು ಎರಡು ತಿಂಗಳಾಯ್ತು ಕಣೆ" ಎಂದು ಒಂದು ದಿನ ಬಾಯಿಬಿಟ್ಟೇ ಕೇಳಿದ.

"ಸುಮ್ನಿರಿ. ಅವಳು ಒಬ್ಬಟ್ಟು ಕೊಡೋದಂತೆ, ನಾನು ಉಪ್ಸಾರು ಕಾಯಿಸ್ಕೊಂಡು ಕೂರೋದಂತೆ!" ಎಂದಳು ನಿಂಗಾಜಮ್ಮ.

ಭಾದ್ರಪದದಲ್ಲಿ ಪ್ರಭಾಮಣಿ ಎಲ್ಲದಕ್ಕೂ ಮಿಗಿಲಾದದ್ದನ್ನು ತಂದಳು. ಅವಳ ತವರಿನ ದೊಡ್ಡ ಹಿತ್ತಾಳೆ ಬೋಗುಣಿ. ಒಳಗೆ ಮೆತ್ತಗೆ ಹುಲ್ಲು ಹಾಸಿ, ಅದರ ತುಂಬ ಸೀತಾಫಲ ಜೋಡಿಸಿದ್ದಳು. ಅವಳ ಹಿತ್ತಿಲಿನ ಮರದಲ್ಲಿ ಇದ್ದದ್ದೆಲ್ಲ ಅದರೊಳಗಿತ್ತು.

"ನಾಕು ದಿನ ಹುಲ್ಲಲ್ಲೇ ಇರ್ಲಿ ಅಕ್ಕ, ಹಣ್ಣಾಗುತ್ತೆ" ಎಂದು ಹೇಳಿ ಅವಳು ಓಡಿದಳು.

ಹಣ್ಣೇನೋ ಸಕ್ಕರೆಯ ಹಾಗಿತ್ತು. ಜವರಪ್ಪ ಬೀಜ ಉಗುಳುತ್ತ ಉಗುಳುತ್ತ ಹಾಡಿ ಹೊಗಳಿದ. ಎಲ್ಲ ತಿಂದು ಮುಗಿಸಿ, ನಾಯಿ ಎಳೆದಾಡದಿರಲಿ ಎಂದು ಬೋಗುಣಿಯನ್ನು ಹುಲ್ಲಿನ ಸಮೇತ ಸೌದೆ ಕೊಟ್ಟಿಗೆಯ ಮೂಲೆಯಲ್ಲಿ, ಗೋಣಿಚೀಲಗಳ ಹಿಂದೆ ಇಟ್ಟು ಬಂದ. ಇಟ್ಟದ್ದನ್ನು ಮರೆತೂ ಬಿಟ್ಟ.

ನಿಂಗಾಜಮ್ಮನಿಗೆ ಮಾತ್ರ ಆ ಬೋಗುಣಿ ಕನಸಿನಲ್ಲೂ ಕಾಣತೊಡಗಿತು. ಅಷ್ಟು ದೊಡ್ಡ ಬೋಗುಣಿಗೆ ಏನು ತುಂಬಿ ಕೊಡುವುದು? ಕಜ್ಜಾಯ ಮಾಡಲು ಹೋದಳು. ಪಾಕ ಏರಿ, ಕಜ್ಜಾಯ ಗೋಡೆಗೆ ಎಸೆದರೆ ಗೋಡೆಯೇ ಉದುರುವಷ್ಟು ಗಟ್ಟಿಯಾದವು. ಒಂದು ವಾರ ಹೋಯಿತು, ಎರಡು ವಾರವೂ ಮುಗಿಯುತ್ತ ಬಂತು. ಬೇಲಿಯಾಚೆ ಪ್ರಭಾಮಣಿ ಕಂಡರೆ ಇವಳು ಬಗ್ಗಿ ಬದನೆಗಿಡದ ಮರೆಗೆ ಸರಿಯುತ್ತಿದ್ದಳು. ಕೊನೆಗೆ ಒಂದು ಶನಿವಾರ ಗಂಡನಿಗೆ ಹೇಳಿದಳು:

"ನಾಳೆ ನಾಟಿ ಕೋಳಿ ಸಾರು, ಮುದ್ದೆ. ಬೋಗುಣಿ ತುಂಬ ಮುದ್ದೆ ಜೋಡಿಸಿ, ಜೊತೆಗೆ ಒಂದು ಪಾತ್ರೆ ಸಾರು. ಇದಕ್ಕಿಂತ ಮೇಲೆ ಅವಳು ಏನ್ ಕೊಡ್ತಾಳೋ ನೋಡೇಬುಡ್ತೀನಿ."

"ಯಾವ್ ಕೋಳಿ?" ಎಂದ ಜವರಪ್ಪ, ಹೆದರುತ್ತಲೇ.

"ಮೇಡಮ್ಮ."

ಜವರಪ್ಪನ ಕೈಯಲ್ಲಿದ್ದ ಬನ್ನು ಕೈಯಲ್ಲೇ ಉಳಿಯಿತು.

"ಎರಡು ವಾರದಿಂದ ಬುಟ್ಟಿಯೊಳಗೆ ಒಂದು ಮೊಟ್ಟೇನೂ ಇಟ್ಟಿಲ್ಲ ಅದು. ಮೊಟ್ಟೆ ಇಡೋದು ಬುಟ್ಟ ಕೋಳೀನ ಎಷ್ಟು ದಿನ ಸಾಕದು?" ಎಂದಳು ನಿಂಗಾಜಮ್ಮ. ಹೇಳುವಾಗ ಅವಳೂ ಗಂಡನ ಮುಖ ನೋಡಲಿಲ್ಲ. ಆ ಕೋಳಿಯನ್ನು ಮರಿಯಿಂದ ಅಂಗೈಯಲ್ಲಿ ನುಚ್ಚು ತಿನ್ನಿಸಿ ಬೆಳೆಸಿದವಳು ಅವಳೇ. ಸಂಕಟವಾಗುತ್ತಿತ್ತು. ಆದರೆ ಬರಿ ಬೋಗುಣಿ ಕೊಟ್ಟು ಸೋಲುವುದು ಅದಕ್ಕಿಂತ ದೊಡ್ಡ ಸಂಕಟ ಎಂದು ಅವಳಿಗೆ ಆಗ ಅನ್ನಿಸಿತ್ತು.

ಭಾನುವಾರ ಬೆಳಿಗ್ಗೆ ಎದ್ದವಳೇ ಕೊತ್ತಂಬರಿ ಬೀಜ, ಒಣಮೆಣಸಿನಕಾಯಿ, ಚೆಕ್ಕೆ, ಲವಂಗ ಹುರಿದು, ಕಾಯಿ ಸೇರಿಸಿ ಮಸಾಲೆ ರುಬ್ಬಿದಳು. ಜವರಪ್ಪ ಅಂಗಳದಲ್ಲಿ ಕತ್ತಿ ಮಸೆಯುತ್ತ ಕೂತ. ಅವನು ಮಸೆದ ರೀತಿ ನೋಡಿದರೆ ಮುಂದಿನ ಭಾನುವಾರದ ಹೊತ್ತಿಗೆ ಕತ್ತಿ ಚೂಪಾಗುವ ಹಾಗಿತ್ತು.

ಮಸಾಲೆ ಮುಗಿಸಿ ನಿಂಗಾಜಮ್ಮ ಹಿತ್ತಿಲಿಗೆ ಬಂದು ಕಾಳು ಚೆಲ್ಲಿದಳು. ನಾಲ್ಕು ಹ್ಯಾಟೆ ಓಡಿ ಬಂದವು, ಹುಂಜ ಬಂತು. ಮೇಡಮ್ಮ ಬರಲಿಲ್ಲ. ಬಚ್ಚಲ ಹಿಂದೆ ಹುಡುಕಿದಳು, ನುಗ್ಗೆಮರದ ಬುಡದಲ್ಲಿ ಹುಡುಕಿದಳು, ಬೇಲಿಯುದ್ದಕ್ಕೂ ನೋಡಿದಳು. ಸಿಗಲಿಲ್ಲ. ಹಾಳಾಗಲಿ, ಮೊದಲು ಬೋಗುಣಿಯನ್ನಾದರೂ ತೊಳೆದಿಡೋಣವೆಂದು, "ಬೋಗುಣಿ ಎಲ್ಲಿಟ್ರಿ?" ಎಂದು ಗಂಡನನ್ನು ಕೇಳಿದಳು. ಅವನು ತಲೆ ಕೆರೆದು, ಸೌದೆ ಕೊಟ್ಟಿಗೆಯ ಕಡೆ ಕೈ ತೋರಿಸಿದ.

ಗೋಣಿಚೀಲ ಸರಿಸಿದರೆ ಬೋಗುಣಿ ಅಲ್ಲೇ ಇತ್ತು. ಬೋಗುಣಿಯೊಳಗೆ ಮೇಡಮ್ಮ ಕೂತಿತ್ತು.

ಪುಕ್ಕವೆಲ್ಲ ಉಬ್ಬಿಸಿಕೊಂಡು, ಬೋಗುಣಿಯ ಅಂಚಿನಿಂದ ಅಂಚಿಗೆ ತುಂಬಿಕೊಂಡು ಕೂತಿತ್ತು. ನಿಂಗಾಜಮ್ಮ ಕೈ ಚಾಚಿದ್ದೇ ತಡ, "ಕೊರ್ರ್" ಎಂದು ಗದರಿ ಕೈಗೆ ಕುಟುಕಿತು. ಅವಳು ಇನ್ನೊಂದು ಕೈಯಿಂದ ಮೆಲ್ಲಗೆ ರೆಕ್ಕೆ ಎತ್ತಿ ಇಣುಕಿದಳು. ಕೆಳಗೆ, ಸೀತಾಫಲ ಇದ್ದ ಹುಲ್ಲಿನ ಮೇಲೆ ಒಂಬತ್ತು ಮೊಟ್ಟೆಗಳು. ಮೇಡಮ್ಮ ಮೊಟ್ಟೆ ಇಡುವುದನ್ನು ಬಿಟ್ಟಿರಲಿಲ್ಲ. ಎರಡು ವಾರವೂ ಇಲ್ಲೇ ಇಟ್ಟು, ಈಗ ಕಾವಿಗೆ ಕೂತಿತ್ತು.

ನಿಂಗಾಜಮ್ಮ ಅಲ್ಲೇ ಸೌದೆಯ ಮೇಲೆ ಕುಸಿದು ಕೂತಳು. ಇನ್ನೊಂದು ಗಳಿಗೆಯಲ್ಲಿ ತಾನು ಮಾಡಲಿದ್ದ ಕೆಲಸ ನೆನೆದು ಅವಳ ಕಣ್ಣು ತುಂಬಿತು. ಹಿಂದೆಯೇ ಬಂದ ಜವರಪ್ಪ ಇಣುಕಿ ನೋಡಿದ. ಅವನ ಮುಖ ಅರಳಿತು.

"ಅದನ್ನೆತ್ತಿ ಬುಟ್ಟಿಗೆ ಹಾಕ್ಲಾ? ಬೋಗುಣಿ ಬೇಕಲ್ಲ ನಿಂಗೆ?" ಎಂದ, ಬೇಕೆಂದೇ.

"ಮುಟ್ಟೀರಾ! ಕಾವಿಗೆ ಕೂತ ಕೋಳೀನ ಎಬ್ಬಿಸ್ತಾರಾ? ಇಪ್ಪತ್ತೊಂದು ದಿನ ಅದು ಅಲ್ಲಿಂದ ಏಳಂಗಿಲ್ಲ."

"ಮತ್ತೆ ಕತ್ತಿ ಏನ್ ಮಾಡ್ಲಿ?"

"ಈರುಳ್ಳಿ ಹೆಚ್ಚಿ."

ಕೋಳಿಯ ಪ್ರಾಣವೇನೋ ಉಳಿಯಿತು. ಮಾನದ ಗತಿ? ತುಂಬಿ ಕೊಡುವ ಮಾತು ಹಾಗಿರಲಿ, ಈಗ ಬರಿ ಬೋಗುಣಿಯನ್ನೂ ಕೊಡುವ ಹಾಗಿಲ್ಲ. ಇನ್ನೂ ಮೂರು ವಾರ ಬದನೆಗಿಡದ ಮರೆಯಲ್ಲಿ ಬಗ್ಗಿ ಓಡಾಡಲು ಅವಳ ಸೊಂಟದಲ್ಲಿ ಶಕ್ತಿಯಿರಲಿಲ್ಲ. ಹೋಗಿ ಇದ್ದದ್ದನ್ನು ಇದ್ದ ಹಾಗೆ ಹೇಳಿಬಿಡುತ್ತೇನೆ ಎಂದು ಎದ್ದಳು. ಬೇಲಿಯ ಸಂದು ದಾಟಿದಳು. ಆರು ತಿಂಗಳಲ್ಲಿ ಮೊದಲ ಸಲ ಅವಳ ಕೈಯಲ್ಲಿ ಪಾತ್ರೆ ಇರಲಿಲ್ಲ. ಕೈಗಳನ್ನು ಎಲ್ಲಿಡಬೇಕೆಂದು ತಿಳಿಯದೆ ಸೆರಗಿನಲ್ಲಿ ಸುತ್ತಿಕೊಂಡಳು.

ಪ್ರಭಾಮಣಿ ಅಡುಗೆಮನೆಯ ಕಿಟಕಿಯಿಂದ ನೋಡಿದಳು. ನಿಂಗಾಜಮ್ಮ ಬರುವುದು ಕಂಡು ಅವಳ ಮುಖ ಕಳೆಗುಂದಿತು. ಹಿತ್ತಿಲ ಬಾಗಿಲಿಗೆ ಬಂದವಳೇ ಮೊದಲು ನೋಡಿದ್ದು ನಿಂಗಾಜಮ್ಮನ ಮುಖವನ್ನಲ್ಲ, ಕೈಯನ್ನು.

"ಅಕ್ಕ, ಸೆರಗೊಳಗೆ ಏನು?"

"ಏನಿಲ್ಲ ಕಣವ್ವ." ನಿಂಗಾಜಮ್ಮ ಸೆರಗು ಬಿಡಿಸಿ ಎರಡೂ ಕೈ ತೋರಿಸಿದಳು. "ಬರಿಗೈಲಿ ಬಂದಿದೀನಿ. ನಿನ್ ಬೋಗುಣೀನೂ ತಂದಿಲ್ಲ. ಅದರಲ್ಲಿ ನಮ್ ಕೋಳಿ ಕಾವಿಗೆ ಕೂತವ್ಳೆ. ಇಪ್ಪತ್ತೊಂದು ದಿನ ತಡೀಬೇಕು. ಬೇಜಾರ್ ಮಾಡ್ಕೋಬೇಡ."

ಪ್ರಭಾಮಣಿ ಗೋಡೆಗೆ ಒರಗಿ ನಗತೊಡಗಿದಳು. ನಗುತ್ತ ನಗುತ್ತ ಕಣ್ಣೊರೆಸಿಕೊಂಡಳು.

"ಬದುಕ್ದೆ ಬಿಡಕ್ಕ! ನೀವು ಬೇಲಿ ಹತ್ರ ಕಂಡ್ರೆ ಸಾಕು, ನನ್ನೆದೆ ಡವಡವ ಅಂತಿತ್ತು. ಮೊನ್ನೆ ಬದನೆಗಿಡದ ಹಿಂದೆ ನಿಮ್ ತಲೆ ಕಾಣ್ತು, ನಾನು ನೀರಿನ ಡ್ರಮ್ ಹಿಂದೆ ಕೂತ್ಕೊಂಡ್ಬಿಟ್ಟೆ. ಸೀತಾಫಲ ಕೊಟ್ಟ ಮೇಲೆ ನಮ್ಮನೇಲಿ ಏನೂ ಉಳಿದಿಲ್ಲ. ನೀವಿನ್ನೇನಾದ್ರೂ ದೊಡ್ಡದು ತಂದಿದ್ರೆ ಮನೆ ಖಾಲಿ ಮಾಡ್ಕೊಂಡು ಹೋಗದೊಂದೇ ಬಾಕಿ ಇತ್ತು!"

ನಿಂಗಾಜಮ್ಮನೂ ನಕ್ಕಳು. ಬೀಜದ ಕುಂಬಳಕಾಯಿ ತುರಿದದ್ದು ಹೇಳಿದಳು, ಕಲ್ಲಿನಂಥ ಕಜ್ಜಾಯದ ಕಥೆ ಹೇಳಿದಳು. ಮೇಡಮ್ಮನಿಗೆ ಕತ್ತಿ ಮಸೆದದ್ದನ್ನೂ ಮುಚ್ಚಿಡಲಿಲ್ಲ. ಅದನ್ನು ಹೇಳುವಾಗ ಅವಳು ತಲೆ ತಗ್ಗಿಸಿದಳು. ಪ್ರಭಾಮಣಿ ಹತ್ತಿರ ಸರಿದು ಅವಳ ಕೈ ಹಿಡಿದುಕೊಂಡಳು. ಆ ಎರಡು ಮನೆಗಳ ನಡುವೆ ಅಷ್ಟೊಂದು ಪಾತ್ರೆ ಓಡಾಡಿದ್ದರೂ, ಒಬ್ಬರ ಕೈ ಒಬ್ಬರು ಹಿಡಿದದ್ದು ಅದೇ ಮೊದಲು.

"ಮಸಾಲೆ ರುಬ್ಬಿಟ್ಟಿದೀನಲ್ಲ, ಅದನ್ನೇನ್ ಮಾಡದು?" ಎಂದಳು ನಿಂಗಾಜಮ್ಮ.

"ನಿಮ್ ಬದನೆಕಾಯಿ ಹಾಕಿ. ನಾನೂ ಬಂದು ಮುದ್ದೆ ತೊಳಸ್ತೀನಿ. ಎಲ್ಲಾ ಒಟ್ಟಿಗೆ ಉಂಡ್ರಾಯ್ತು, ಪಾತ್ರೆ ಆ ಕಡೆ ಈ ಕಡೆ ಹೋಗೋದೇ ಬೇಡ."

ಕೋಳಿ ಮಸಾಲೆಯ ಬದನೆಕಾಯಿ ಸಾರಿಗೆ ಜವರಪ್ಪ ಮೂರು ಮುದ್ದೆ ಉಂಡ. ಮೇಡಮ್ಮನ ಪಾಲಿನ ಮುದ್ದೆಯ ಚೂರನ್ನು ತಾನೇ ಹೋಗಿ ಬೋಗುಣಿಯ ಹತ್ತಿರ ಇಟ್ಟು ಬಂದ.

ಆಮೇಲಿನ ಮೂರು ವಾರ ಪ್ರಭಾಮಣಿ ದಿನಾ ಮಧ್ಯಾಹ್ನ ಬರಿಗೈಯಲ್ಲಿ ಬಂದಳು, ಕೋಳಿ ನೋಡುವ ನೆಪ. ಮಾತಾಡುತ್ತ ಇಬ್ಬರೂ ಕಳೆ ಕಿತ್ತರು, ಹರಿವೆ ಬೀಜ ಚೆಲ್ಲಿದರು. ಒಂದು ದಿನ ಜವರಪ್ಪನಿಗೆ ಉಪ್ಸಾರೂ ಸಿಕ್ಕಿತು. ಇಪ್ಪತ್ತೊಂದನೆಯ ದಿನ ಬೋಗುಣಿಯೊಳಗಿಂದ ಚಿಂವ್ ಚಿಂವ್ ಸದ್ದು ಬಂತು. ಒಂಬತ್ತರಲ್ಲಿ ಏಳು ಮರಿ. ಮಾರನೆಯ ದಿನ ಮೇಡಮ್ಮ ಅವನ್ನೆಲ್ಲ ಹಿಂದೆ ಹಾಕಿಕೊಂಡು, ಕ್ಲಾಸಿನ ಮಕ್ಕಳನ್ನು ಆಟಕ್ಕೆ ಬಿಟ್ಟ ಹಾಗೆ ಹಿತ್ತಿಲಿಗೆ ನಡೆಯಿತು.

ನಿಂಗಾಜಮ್ಮ ಬೋಗುಣಿಯನ್ನು ಹುಣಸೆಹಣ್ಣು ಹಾಕಿ ತಿಕ್ಕಿ ಫಳಫಳ ಮಾಡಿದಳು. ನೆಟ್ಟಗೆ ಕೊಟ್ಟಿದ್ದರೆ ಆಗುತ್ತಿತ್ತು. ಆದರೆ ಹಳೆಯ ಚಾಳಿ ನೋಡಿ, ಅಷ್ಟು ಸುಲಭಕ್ಕೆ ಬಿಡುತ್ತದೆಯೇ? ಹೊಳೆಯುವ ಬೋಗುಣಿ ಕಂಡು ಕೈ ತಡೆಯಲಿಲ್ಲ. ಬಗ್ಗಿ ಎರಡು ಮರಿ ಹಿಡಿದು ಬೋಗುಣಿಯೊಳಗೆ ಬಿಟ್ಟಳು. ಮೂರನೆಯದಕ್ಕೂ ಕೈ ಹಾಕಿದಳು.

"ಅಕ್ಕಾ!" ಬೇಲಿಯಾಚೆಯಿಂದ ಪ್ರಭಾಮಣಿ ಕೂಗಿದಳು. "ಮತ್ತೆ ಶುರು ಹಚ್ಕೋಬೇಡಿ, ನಿಮ್ ದಮ್ಮಯ್ಯ! ನೀವು ಮರಿ ಕೊಟ್ರೆ ನಾನು ಹಸು ಹುಡುಕ್ಕೊಂಡು ಹೋಗ್ಬೇಕಾಯ್ತದೆ!"

ನಿಂಗಾಜಮ್ಮ ನಾಲಿಗೆ ಕಚ್ಚಿಕೊಂಡಳು. ಮರಿಗಳನ್ನು ತಾಯಿಯ ಹತ್ತಿರ ಬಿಟ್ಟು ಒಳಗೆ ಹೋದಳು. ಬಂದು ಬೋಗುಣಿಯನ್ನು ಬೇಲಿಯ ಸಂದಿನಿಂದ ಚಾಚಿದಳು. ಅಷ್ಟು ದೊಡ್ಡ ಬೋಗುಣಿಯ ತಳದಲ್ಲಿ ಒಂದು ಚಿಟಿಕೆ ಸಕ್ಕರೆ ಇತ್ತು.

ಪ್ರಭಾಮಣಿ ಅದನ್ನು ಬೆರಳಿಗೆ ಒತ್ತಿಕೊಂಡು ಬಾಯಿಗೆ ಹಾಕಿಕೊಂಡಳು. ಬೋಗುಣಿಯನ್ನು ಅಲ್ಲೇ ಕಲ್ಲಿನ ಮೇಲೆ ಇಟ್ಟಳು. ಅವತ್ತು ಯಾರ ಒಲೆಯ ಮೇಲೂ ಏನೂ ಇರಲಿಲ್ಲ. ಇಬ್ಬರೂ ಬೇಲಿಗೆ ಒರಗಿ ಹೊತ್ತು ಇಳಿಯುವವರೆಗೂ ಮಾತಾಡಿದರು.

ನೀತಿ: ಅವರು ಕೊಟ್ಟದ್ದಕ್ಕಿಂತ ಹೆಚ್ಚು ಕೊಡಬೇಕು ಎಂದು ಹೊರಟರೆ ಕೊಡುವ ಖುಷಿಯೂ ಉಳಿಯದು, ತಿನ್ನುವ ರುಚಿಯೂ ಉಳಿಯದು. ನೆರೆಯವರ ಪಾತ್ರೆಗೆ ಚಿಟಿಕೆ ಸಕ್ಕರೆ ಸಾಕು, ನೆರೆಯವರಿಗೆ ಮಾತ್ರ ಒಂದಿಷ್ಟು ಪುರುಸೊತ್ತು ಕೊಡಬೇಕು.