ಕೌದಿ ಹೊಲಿಯುವಾಗ ಓದಿದ ಪುಸ್ತಕ

ಶಿಷ್ಯನೊಬ್ಬ ಗುರುಗಳನ್ನು ಕೇಳಿದ: "ಗುರುಗಳೇ, ಇನ್ನು ನಾನು ಊರೂರಿಗೆ ಹೋಗಿ ಜನರೆದುರು ಮಾತಾಡಬೇಕು. ಪುಸ್ತಕದಲ್ಲಿ ಬರೆದದ್ದು ಒಂದು, ಎದುರಿಗೆ ಕೂತವರಿಗೆ ಬೇಕಾದದ್ದು ಇನ್ನೊಂದು ಆದರೆ ಯಾವುದನ್ನು ಹೇಳಲಿ?"

ಗುರುಗಳು ಈ ಕತೆ ಹೇಳಿದರು.

ಬಯಲುಸೀಮೆಯ ಒಂದು ಊರಿನಲ್ಲಿ ಒಬ್ಬ ಎಣ್ಣೆ ವ್ಯಾಪಾರಿ ಇದ್ದ. ಹೆಂಡತಿ ತೀರಿಕೊಂಡಿದ್ದಳು. ಮನೆಯಲ್ಲಿ ಗಂಡುಮಕ್ಕಳು, ಮೂವರು ಸೊಸೆಯರು. ಒಬ್ಬಳೇ ಮಗಳು, ತುಂಗವ್ವ. ಅವಳನ್ನು ದೂರದ ಊರಿಗೆ ಮದುವೆ ಮಾಡಿ ಕೊಟ್ಟಿದ್ದರು. ಒಂದು ಬೇಸಿಗೆಯ ಮೊದಲಲ್ಲಿ ಅವಳು ಒಬ್ಬಳೇ, ಕೈಯಲ್ಲೊಂದು ಗಂಟು ಹಿಡಿದು, ತವರಿಗೆ ಬಂದಳು.

ಅಪ್ಪ ಒಳಗೆ ಬಾ ಎಂದ. ಏಕೆ ಬಂದೆ ಎಂದು ಕೇಳಲಿಲ್ಲ. ಅಣ್ಣಂದಿರೂ ಕೇಳಲಿಲ್ಲ. ಕೇಳಿದರೆ ಉತ್ತರ ಬರುತ್ತದೆ, ಉತ್ತರ ಬಂದರೆ ಏನಾದರೂ ಮಾಡಬೇಕಾಗುತ್ತದೆ ಎಂದು ಅವರಿಗೆ ಗೊತ್ತಿತ್ತು. ಅವಳೂ ತಾನಾಗಿ ಏನೂ ಹೇಳಲಿಲ್ಲ. ಮಳೆಗಾಲ ಹಿಡಿಯುವ ಮೊದಲು ಗಂಡನ ಮನೆಯವರು ಬಂದು ಕರೆದುಕೊಂಡು ಹೋಗುತ್ತಾರೆ ಎಂದು ಅಪ್ಪ ಸುದ್ದಿ ತಂದ. ಮಗಳನ್ನು ಬರಿಗೈಲಿ ಕಳಿಸುವುದು ಬೇಡ, ಒಂದು ಕೌದಿ ಹೊಲಿದುಕೊಡಿ ಎಂದು ಸೊಸೆಯರಿಗೆ ಹೇಳಿದ.

ಆ ವರ್ಷದ ಬಿಸಿಲು ಘೋರವಾಗಿತ್ತು. ಊಟವಾದ ಮೇಲೆ ಹೊರಗೆ ಕಾಲಿಡುವಂತಿರಲಿಲ್ಲ. ಹೆಂಗಸರು ಕಿಟಕಿಗೆ ಒದ್ದೆ ಗೋಣಿ ಕಟ್ಟಿ, ನಡುಮನೆಯಲ್ಲಿ ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ, ಸುತ್ತಲೂ ಕೂತು ಹೊಲಿಯತೊಡಗಿದರು. ತುಂಗವ್ವನೂ ಒಂದು ಮೂಲೆ ಹಿಡಿದು ಹೊಲಿದಳು. ಬೆವರಿಗೆ ಸೂಜಿ ಜಾರುತ್ತಿತ್ತು. ದಾರ ಸಿಕ್ಕಾದರೆ ಒಬ್ಬರ ಮೇಲೊಬ್ಬರು ರೇಗುತ್ತಿದ್ದರು.

ಕಿರಿಯ ಸೊಸೆಗೆ ಓದು ಬರುತ್ತಿತ್ತು. ತವರಿನಿಂದ ಒಂದು ಕತೆಪುಸ್ತಕ ತಂದಿದ್ದಳು. ಓದಲೇ ಎಂದು ಕೇಳಿದಳು. ಹೊಲಿಯುವ ಕೈ ಒಂದು ಕಡಿಮೆಯಾಯಿತಲ್ಲ ಎಂದು ನಡುವಿನ ಸೊಸೆ ಗೊಣಗಿದಳು. ಹಿರಿಯ ಸೊಸೆ ಹಂಪವ್ವ ಹೇಳಿದಳು:

"ಅವಳ ಪಾಲು ನಾ ಹೊಲಿತೀನಿ, ಓದಲಿ ಬಿಡು. ಇಲ್ಲದಿದ್ದರೆ ಈ ಸೆಕೆಯೊಳಗೆ ನಾವು ಒಬ್ಬರನ್ನೊಬ್ಬರು ಹರಿದು ತಿಂತೀವಿ."

ಕಿರಿಯ ಸೊಸೆ ಓದಿದಳು. ಇದ್ದದ್ದನ್ನು ಇದ್ದ ಹಾಗೆ ಓದುವುದು ಅವಳ ಸ್ವಭಾವ. ಅಚ್ಚಿನ ತಪ್ಪಿದ್ದರೆ ತಪ್ಪನ್ನೂ ಓದುವಳು. ಅದು ಒಬ್ಬ ಸಾಹುಕಾರನ ಮಗಳ ಕತೆ. ಅವಳು ಹೊಳೆಯ ಪ್ರವಾಹದಲ್ಲಿ ಕೊಚ್ಚಿಕೊಂಡು ಹೋಗಿ, ಪರಊರಿನಲ್ಲಿ ಯಾರ ಯಾರದೋ ಮನೆಯಲ್ಲಿ ದುಡಿದು, ಎಷ್ಟೋ ಕಾಲದ ಮೇಲೆ ತನ್ನ ಊರಿಗೆ ಬಂದು, ಅಪ್ಪನ ಮನೆಯ ಬಾಗಿಲು ತಟ್ಟಿದಳು. ಅಷ್ಟು ಓದುವ ಹೊತ್ತಿಗೆ ಕಿರಿಯ ಸೊಸೆಯ ತವರಿನಿಂದ ಆಳು ಬಂದ. ತಾಯಿಗೆ ಹುಷಾರಿಲ್ಲ ಎಂದ. ಅವಳು ಪುಸ್ತಕವನ್ನು ಗೋಡೆಯ ಗೂಡಿನಲ್ಲಿಟ್ಟು ಹೊರಟುಹೋದಳು.

ಮರುದಿನ ಉಳಿದವರು ಎಂದಿನಂತೆ ಕೂತರು. ಸ್ವಲ್ಪ ಹೊತ್ತಾದ ಮೇಲೆ ತುಂಗವ್ವ ತಲೆ ಎತ್ತದೆ ಕೇಳಿದಳು:

"ಅವಳಪ್ಪ ಬಾಗಿಲು ತೆಗೆದನೇನು?"

ತವರಿಗೆ ಬಂದ ಮೇಲೆ ಅವಳು ಬಾಯಿಬಿಟ್ಟು ಕೇಳಿದ ಮೊದಲ ಮಾತು ಅದು. ಹಂಪವ್ವ ಸೂಜಿ ಕೆಳಗಿಟ್ಟಳು. ಎದ್ದು ಹೋಗಿ ಪುಸ್ತಕ ತಂದು ತೊಡೆಯ ಮೇಲೆ ಬಿಡಿಸಿಕೊಂಡಳು. ಅವಳಿಗೆ ಒಂದು ಅಕ್ಷರವೂ ಬಾರದು. ಅದು ಅಲ್ಲಿದ್ದವರಿಗೆಲ್ಲ ಗೊತ್ತಿತ್ತು.

"ತೆಗೆದ," ಎಂದಳು. "ತಡಮಾಡಿದ. ಆದರೂ ತೆಗೆದ."

ನಡುವಿನ ಸೊಸೆ ಏನೋ ಅನ್ನಲು ಹೋಗಿ, ತುಂಗವ್ವನ ಮುಖ ನೋಡಿ ಮತ್ತೆ ಹೊಲಿಗೆಗೆ ಬಾಗಿದಳು.

ಅಂದಿನಿಂದ ದಿನವೂ ಹಂಪವ್ವ ಪುಸ್ತಕ ಬಿಡಿಸಿ ಕೂತು ಕತೆ ಹೇಳಿದಳು. ಸಾಹುಕಾರನ ಮಗಳು ಒಳಗೆ ಬಂದಳು. ತಲೆಗೆ ಎಣ್ಣೆ ಹಚ್ಚಿ ನೀರು ಹಾಕಿದರು. ಉಂಡು ಮಲಗಿದಳು. ಅವಳು ಎದ್ದ ಮೇಲೆ ಆ ಮನೆಯಲ್ಲಿ ಒಬ್ಬರು ಅವಳ ಪಕ್ಕದಲ್ಲಿ ಕೂತು, ನಿನಗೇನಾಯಿತು ಹೇಳು ಎಂದು ಕೇಳಿದರು. ಅವಳು ಹೇಳಿ ಮುಗಿಸುವವರೆಗೆ ಎದ್ದು ಹೋಗಲಿಲ್ಲ.

ಅಷ್ಟು ಹೇಳಿದ ದಿನ ಸಂಜೆ ಹಂಪವ್ವ ರೊಟ್ಟಿ ಬಡಿಯುತ್ತಿದ್ದಳು. ತುಂಗವ್ವ ಒಲೆಯ ಹತ್ತಿರ ಬಂದು ಕೂತಳು. "ಅವಳ ಮನೆಯಲ್ಲಿ ಕೇಳುವವರಿದ್ದರು," ಎಂದಳು. ಹಂಪವ್ವ ಹಂಚನ್ನು ಕೆಳಗಿಳಿಸಿದಳು. "ನಾ ಕೇಳ್ತೀನಿ, ಹೇಳು," ಎಂದಳು. ತುಂಗವ್ವ ಹೇಳಿದಳು. ನಾದಿಟ್ಟ ಹಿಟ್ಟು ಒಣಗಿತು, ಒಲೆ ಆರಿತು. ಗಂಡಸರು ಊಟಕ್ಕೆ ಬಂದಾಗ ರೊಟ್ಟಿ ಇರಲಿಲ್ಲ. ಇಂದು ತಡವಾಗುತ್ತದೆ ಎಂದಷ್ಟೇ ಹಂಪವ್ವ ಹೇಳಿದಳು.

ತಾಯಿ ಚೇತರಿಸಿಕೊಂಡ ಮೇಲೆ ಕಿರಿಯ ಸೊಸೆ ಮರಳಿ ಬಂದಳು. ಮಧ್ಯಾಹ್ನ ಎಲ್ಲರೂ ಕೂತಾಗ ನಡುವಿನ ಸೊಸೆಗೆ ತಡೆಯಲಾಗಲಿಲ್ಲ. ಪುಸ್ತಕವನ್ನು ಅವಳ ಕೈಗಿಟ್ಟು, ಬಾಗಿಲು ತಟ್ಟಿದ ಮೇಲೆ ಏನಾಯಿತು ಓದು ಎಂದಳು. ಇಲ್ಲಿ ನಡೆದದ್ದು ಕಿರಿಯ ಸೊಸೆಗೆ ತಿಳಿಯದು. ಹಾಳೆ ಹುಡುಕಿ ಓದಿದಳು:

"ಸಾಹುಕಾರನು, ನನ್ನ ಮಗಳು ಎಂದೋ ಸತ್ತುಹೋದಳು ಎಂದು ನುಡಿದು ಬಾಗಿಲಿಗೆ ಅಗುಳಿ ಹಾಕಿಸಿದನು. ಅವಳು ಬಂದ ದಾರಿಯಲ್ಲಿಯೇ ಹೊಳೆಯ ಕಡೆಗೆ ನಡೆದಳು."

ಓದುತ್ತ ಓದುತ್ತ ತಾನು ಯಾರೆದುರು ಓದುತ್ತಿದ್ದೇನೆಂದು ಅವಳಿಗೆ ಹೊಳೆಯಿತು. ದನಿ ಇಳಿಯಿತು. ಆದರೆ ಒಂದು ಪದವನ್ನೂ ಬದಲಿಸಲಿಲ್ಲ. ಸೂಜಿಗಳು ನಿಂತವು. ನಡುವಿನ ಸೊಸೆ, ಯಾಕಾದರೂ ಕೇಳಿದೆನೋ ಎಂದು ತಲೆ ತಗ್ಗಿಸಿದಳು. ಹಂಪವ್ವ ಪುಸ್ತಕದ ಕಡೆ ನೋಡಲಿಲ್ಲ, ತುಂಗವ್ವನನ್ನು ನೋಡಿದಳು.

ತುಂಗವ್ವ ತನ್ನ ಸಾಲನ್ನು ಕೊನೆಯವರೆಗೆ ಹೊಲಿದಳು. ದಾರವನ್ನು ಹಲ್ಲಿನಿಂದ ಕಡಿದಳು.

"ಪಾಪ," ಎಂದಳು. "ಅವಳಿಗೆ ಅತ್ತಿಗೆ ಇರಲಿಲ್ಲ."

ಇನ್ನಷ್ಟು ದಾರ ಕೊಡು ಎಂದು ಕೈ ಚಾಚಿದಳು.

ಮೋಡ ಕಾಣಿಸಿಕೊಳ್ಳುವ ಮೊದಲೇ ಗಂಡನ ಮನೆಯವರು ಬಂದರು. ಕಟ್ಟೆಯ ಮೇಲೆ ಕೂತು ನೀರು ಕುಡಿದರು. ಅಪ್ಪ ಒಳಗೆ ಮುಖ ಮಾಡಿ, ಹೊರಡು ಮಗಳೇ ಎಂದು ಕೂಗಿದ. ತುಂಗವ್ವ ಹೊಸ್ತಿಲಿಗೆ ಬಂದು ನಿಂತಳು. ನಾನು ಹೋಗುವುದಿಲ್ಲ ಎಂದಳು. ಅಪ್ಪ ಕೇಳಿಸದವನಂತೆ ಹಿರಿಯ ಸೊಸೆಯ ಕಡೆ ತಿರುಗಿ, ಅವಳ ಗಂಟು ತಂದಿಡು ಎಂದ. ಹಂಪವ್ವ ನಿಂತಲ್ಲಿಂದ ಕದಲಲಿಲ್ಲ.

"ಮಾವ, ಅವಳು ಹೇಳಿದ್ದು ನಮಗೆಲ್ಲ ಕೇಳಿಸಿತು," ಎಂದಳು.

ಉಳಿದಿಬ್ಬರು ಸೊಸೆಯರೂ ಬಂದು ಅವಳ ಹಿಂದೆ ನಿಂತರು. ಅಪ್ಪ ಮಗಳ ಮುಖವನ್ನು ಬಹಳ ಹೊತ್ತು ನೋಡಿದ. ಅವಳು ಬಂದ ದಿನದಿಂದ ಹಾಗೆ ನೋಡಿರಲಿಲ್ಲ. ಆಮೇಲೆ ನೆಂಟರಿಗೆ, "ಕೈಕಾಲು ತೊಳೆಯಿರಿ. ಊಟ ಮಾಡಿ ಹೊರಡಿರಿ," ಎಂದ. ಅವರು ಊಟ ಮಾಡದೆ ಹೊರಟರು.

ಕೌದಿ ಮುಗಿಯಿತು. ತುಂಗವ್ವ ಅದನ್ನು ಅದೇ ನಡುಮನೆಯಲ್ಲಿ ಹಾಸಿ ಮಲಗಿದಳು.

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯ ಯೋಚಿಸಿ ಕೇಳಿದ: "ಒಬ್ಬಳು ಇಲ್ಲದ್ದನ್ನು ಹೇಳಿದಳು, ಇನ್ನೊಬ್ಬಳು ಇದ್ದದ್ದನ್ನು ಓದಿದಳು. ಇಬ್ಬರಲ್ಲಿ ಯಾರು ಮಾಡಿದ್ದು ಸರಿ, ಗುರುಗಳೇ?"

ಗುರುಗಳು ಹೇಳಿದರು: "ತುಂಗವ್ವ ಏಕೆ ತಿರುಗಿ ಬಂದಳೆಂದು ನೀನೂ ಕೇಳಲಿಲ್ಲ."